ಕಲ್ಲಪ್ಪ ಕಾಕಾನ ಉದುರದ ಕೂದಲು

ನಮ್ಮ ಕಡೆ ಭೂಕಂಪವಾದ ಹದಿನೆಂಟನೆಯ ವರ್ಷ, ಮಾಘ ಮಾಸ, ಬೆಳಿಗ್ಗೆ ಎಂಟು ಗಂಟೆ. ಪುಣೆಯ ಒಂದು ಆಸ್ಪತ್ರೆಯ ಮೂರನೆಯ ಮಹಡಿಯಲ್ಲಿ, ಗಾಜಿನ ಕಿಟಕಿಯ ಹೊರಗೆ, ಕೈ ತೊಳೆಯುವ ತೊಟ್ಟಿಯ ಎಡಕ್ಕೆ ನಾನು ನಿಂತಿದ್ದೆ. ಒಳಗೆ ನಮ್ಮೂರ ಹತ್ತಿರದ ವಲಾಂಡಿಯ ಕಲ್ಲಪ್ಪ ಕಾಕಾ ಮಂಚದ ಮೇಲೆ ಕುಳಿತು, ಬೇಳೆಸಾರಿನಲ್ಲಿ ನೆನೆಸಿದ ರೊಟ್ಟಿ ತಿನ್ನುತ್ತಿದ್ದ. ರಕ್ತದ ಕಾಯಿಲೆಗೆಂದು ಅವನ ತಮ್ಮನ ರಕ್ತದ ಮೂಲಕೋಶಗಳನ್ನು ಅವನಿಗೆ ಕೊಟ್ಟು ಒಂಬತ್ತು ದಿನವಾಗಿತ್ತು. ತಲೆಯ ಒಂದು ಕೂದಲೂ ಉದುರಿರಲಿಲ್ಲ.

ಆರು ವರ್ಷದ ಹಿಂದೆ ಅದೇ ಮಂಚದ ಮೇಲೆ ನನ್ನ ಹೆಂಡತಿ ಶಾಂತಾ ಇದ್ದಳು. ಬೇರೆಯವರ ಕೋಶ ನೆಲೆಯೂರಬೇಕಾದರೆ ಮೊದಲು ರೋಗಿಯ ಮಜ್ಜೆಯನ್ನು ಔಷಧಿಯಿಂದ ಬರಿದು ಮಾಡಬೇಕು. ಚಿಕ್ಕ ವಯಸ್ಸು, ತಾಳಿಕೊಳ್ಳುತ್ತಾಳೆಂದು ಅವಳಿಗೆ ಪೂರಾ ಪ್ರಮಾಣ ಕೊಟ್ಟರು. ಕೂದಲೆಲ್ಲ ಉದುರಿತು, ಬಾಯೆಲ್ಲ ಹುಣ್ಣು, ಒಂದು ಚಮಚ ನೀರೂ ಇಳಿಯಲಿಲ್ಲ. ಹದಿನೇಳನೆಯ ದಿನ ಹೋದಳು. ಅರವತ್ತು ದಾಟಿದ ಕಾಕಾನಿಗೆ ಔಷಧಿ ತೀರ ಕಡಿಮೆ. ಜಾಗ ಬಿಡಿಸುವಷ್ಟಾದರೆ ಸಾಕು, ಉಳಿದದ್ದನ್ನು ತಮ್ಮನ ಕೋಶಗಳೇ ಮಾಡುತ್ತವೆ ಎಂದಿದ್ದರು ಡಾಕ್ಟರು. ನನಗೆ ಸಂತೋಷವಾಗಲಿಲ್ಲ. ಅವನು ನುಂಗುವ ಒಂದೊಂದು ತುತ್ತನ್ನೂ ನೋಡುತ್ತ ನಿಂತೆ.

ಶಾಂತಾ ಹೋದ ಮೇಲೆ ನಾನು ಕರ್ನಾಟಕದ ಗಡಿಗೆ ಹತ್ತಿರದ ನಮ್ಮೂರು ನಿಲಂಗಾಕ್ಕೆ ಮರಳಲಿಲ್ಲ. ಆಸ್ಪತ್ರೆಯ ಹಿಂದಿನ ಗಲ್ಲಿಯಲ್ಲಿ ಎರಡು ಖೋಲಿ ಬಾಡಿಗೆಗೆ ಹಿಡಿದು, ನಮ್ಮ ಕಡೆಯ ರೋಗಿಗಳಿಗೆ ರೊಟ್ಟಿ ಬಡಿದು ಕೊಡುತ್ತೇನೆ. ನಮ್ಮಲ್ಲಿ ಪೋಳಿ ಎಂದರೆ ಹೋಳಿಗೆ. ಇಲ್ಲಿ ಬರೀ ಚಪಾತಿ. ನನ್ನ ಮರಾಠಿ ಕೇಳಿ ಇಲ್ಲಿಯವರು ಕರ್ನಾಟಕದವನೇ ಎಂದು ಕೇಳುತ್ತಾರೆ. ಊರಿಗೆ ಹೋದರೆ ಪುಣೆಯವ ಬಂದ ಎನ್ನುತ್ತಾರೆ.

ಆಸ್ಪತ್ರೆಯಿಂದ ಬಿಟ್ಟ ಮೇಲೆ ಕಾಕಾ ಹೆಂಡತಿ ಗುರುಬಾಯಿಯೊಂದಿಗೆ ನನ್ನ ಪಕ್ಕದ ಖೋಲಿಯಲ್ಲೇ ಉಳಿದ. ನೂರು ದಿನ ಜನರ ನಡುವೆ ಹೋಗಬೇಡಿ ಎಂದಿದ್ದರು ಡಾಕ್ಟರು. ನಲವತ್ತನೆಯ ದಿನವೇ ಅವನು ಚೀಲ ತುಂಬಿದ. ಊರಲ್ಲಿ ಮೊಮ್ಮಗನ ಜಾವಳ, ಮೊದಲ ಕೂದಲು ತೆಗೆಸುವ ಕಾರ್ಯ. ಮಗುವನ್ನು ಅಜ್ಜನ ತೊಡೆಯ ಮೇಲೆ ಕೂಡಿಸಬೇಕು.

"ಒಂದ್ ಕೂದ್ಲ ಉದುರಿಲ್ಲ, ನನಗೇನ್ ಆಗ್ಯಾದ? ಹಲ್ಲ ಕೀಳಸ್ಲಾಕ ಹೋಗಿದ್ಯೇನು ಅಂತಾರ ಊರಾಗ!" ಎಂದು ನಕ್ಕ.

ನಾನೇ ಚೀಲದ ಬಾಯಿ ಕಟ್ಟಿಕೊಟ್ಟೆ.

ಗುರುಬಾಯಿ ನನ್ನ ಮುಖ ನೋಡಿದಳು. "ಶಿವಪ್ಪಾ, ನಿನಗ ಎಲ್ಲಾ ಗೊತ್ತದ. ಹೋಗ್ಬೇಕೋ ಬ್ಯಾಡೋ?"

ಗೊತ್ತಿತ್ತು. ಸುಮ್ಮನಿದ್ದೆ. ರಿಕ್ಷಾ ಗಲ್ಲಿಯ ತಿರುವು ಮುಟ್ಟಿದ ಮೇಲೆ ಓಡಿ ಹೋಗಿ ಹಿಡಿದೆ.

"ಕಾಕಾ, ಇಳಿ. ಔಷಧಿ ಮೆತ್ತಗಿತ್ತು, ಬ್ಯಾನಿ ಮೆತ್ತಗಿಲ್ಲ. ಯಾರರೆ ಮುಂದ ನಿಂತು ಕೆಮ್ಮಿದ್ರ ಮುಗೀತು."

"ತನ್ನ ಹೆಣ್ತಿ ಹೋಗ್ಯಾಳಂತ, ಮಂದಿ ಜಾವಳಾನೂ ನೋಡಗೊಡಂಗಿಲ್ಲ ಇಂವಾ," ಎಂದು ಬೈಯುತ್ತ ಇಳಿದ.

ಅದು ಪೂರ್ತಿ ಸುಳ್ಳಲ್ಲ. ನಾನು ರಿಕ್ಷಾದಿಂದ ಚೀಲ ಇಳಿಸಿಕೊಂಡೆ.

ಜಾವಳವನ್ನು ಮುಂದೆ ಹಾಕಿ, ನೂರು ದಿನ ಕಳೆದ ಮೇಲೆ ಮಾಡಿದರು. ನನ್ನನ್ನೂ ಕರೆದಿದ್ದರು. ದಾರಿಯಲ್ಲಿ ಉಮರ್ಗಾದ ಬಸ್ ನಿಲ್ದಾಣದ ತನಕ ಹೋಗಿ, ಪುಣೆಯ ಬಸ್ ಹತ್ತಿ ಹಿಂದಿರುಗಿದೆ.

ಆ ದಿನ ನಾನು ಸುಮ್ಮನಿದ್ದುದನ್ನು ಕಂಡವಳು ಗುರುಬಾಯಿ ಒಬ್ಬಳೇ. ವಲಾಂಡಿಯಲ್ಲಿ ಇನ್ನೂ ಇದ್ದಾಳೆ. ಅವಳ ಗಂಡನೂ ಇದ್ದಾನೆ.