ನೂರನೆಯ ಗೋಲಿನ ಚೀಟಿ

ಲ್ಯಾಂಕಾಷೈರಿನ ಥಾರ್ನ್‌ಕ್ಲಫ್ ಪಟ್ಟಣದ ಸಂಜೆಪತ್ರಿಕೆಯ ಮಾಳಿಗೆಯಲ್ಲಿ ಪಾರಿವಾಳ ಸಾಕುತ್ತಿದ್ದ ಈನಕ್ ಆರ್ಮರಾಡ್, ಊರಿನ ಫುಟ್‌ಬಾಲ್ ತಂಡದ ಪರವೂರಿನ ಪಂದ್ಯಗಳಿಗೆ ಹಕ್ಕಿಗಳನ್ನು ಒಯ್ದು, ಗೋಲು ಹೊಡೆದವರ ಹೆಸರನ್ನು ಚೀಟಿಯಲ್ಲಿ ಬರೆದು, ಹಕ್ಕಿಯ ಕಾಲಿಗೆ ಕಟ್ಟಿ ಪತ್ರಿಕೆಗೆ ಹಾರಿಬಿಡುತ್ತಿದ್ದ. ಬರೆಯಬೇಕಾದ ಹೆಸರು ಬಹುಮಟ್ಟಿಗೆ ಒಂದೇ: ಸೆಂಟರ್ ಫಾರ್ವರ್ಡ್ ವಿಲ್ಫ್ ಬ್ರಿಯರ್ಲಿ.

೧೮೯೮ರ ಅಕ್ಟೋಬರ್ ೮ರ ಶನಿವಾರ ಮೊಣಕಾಲು ಮುರಿಯುವವರೆಗೆ ಈನಕ್ ಚರ್ಚಿನ ತಂಡದಲ್ಲಿ ವಿಲ್ಫ್‌ನ ಜೊತೆಗಾರನಾಗಿದ್ದ. ಬಾಯಿಗೆ ತುತ್ತಿಟ್ಟಂತೆ ಚೆಂಡು ಒದಗಿಸಿದವನು ಇವನು, ಹೆಸರಾದವನು ಅವನು. ಹನ್ನೊಂದೂವರೆ ವರ್ಷ ಕಳೆದರೂ ಆ ಉರಿ ಆರಿರಲಿಲ್ಲ.

ಹೊಟ್ಟೆಕಿಚ್ಚಿನ ಉಪಯೋಗವೂ ಅವನಿಗೆ ಗೊತ್ತಿತ್ತು. ಪಂದ್ಯದ ಬೆಳಿಗ್ಗೆ ಗಂಡುಹಕ್ಕಿಯ ಕಣ್ಣೆದುರಿಗೇ, ಅದರ ಗೂಡಿನಲ್ಲಿ, ಅದರ ಹೆಣ್ಣಿನ ಪಕ್ಕಕ್ಕೆ ಬೇರೊಂದು ಗಂಡನ್ನು ಬಿಟ್ಟುಬಂದರೆ ಸಾಕು. ಮೈದಾನದಲ್ಲಿ ಹಾರಿಬಿಟ್ಟೊಡನೆ, ಬಿಟ್ಟ ಬಾಣದಂತೆ ಅದು ಮನೆಗೆ ಧಾವಿಸುತ್ತಿತ್ತು.

೧೯೧೦ರ ಏಪ್ರಿಲ್ ೩೦, ಋತುವಿನ ಕೊನೆಯ ಶನಿವಾರ. ವಿಲ್ಫ್‌ಗೆ ನೂರಕ್ಕೆ ಒಂದೇ ಗೋಲು ಕಡಿಮೆ. ಎಂಬತ್ತಮೂರನೆಯ ನಿಮಿಷದಲ್ಲಿ, ನೂಕುನುಗ್ಗಲಿನ ನಡುವೆ, ಚೆಂಡು ಅವನ ಹಣೆಗೆ ತಗುಲಿ ಒಳಹೊಕ್ಕಿತು. ಗೆರೆಯ ಬದಿಯಲ್ಲಿ ಕುಳಿತಿದ್ದ ಈನಕ್ ಅದನ್ನು ಸ್ಪಷ್ಟವಾಗಿ ಕಂಡ. ಪತ್ರಿಕೆಯಲ್ಲಿ ಬಂದದ್ದೇ ಕ್ಲಬ್ಬಿನ ದಾಖಲೆ ಎಂಬುದೂ ಅವನಿಗೆ ತಿಳಿದಿತ್ತು. ‘ಎದುರಾಳಿ ಕಡೆಯ ರಕ್ಷಣೆಗೆ ನಿಂತಿದ್ದ ಬ್ಯಾಕ್ ತನ್ನ ಗೋಲಿಗೆ ತಾನೇ ಹೊಡೆದ’ ಎಂದು ಬರೆದು, ಮತ್ಸರದಿಂದ ಕುದಿಯುತ್ತಿದ್ದ ಹಕ್ಕಿಯನ್ನು ಹಾರಿಬಿಟ್ಟ.

ವಿಲ್ಫ್ ಗೆರೆಯವರೆಗೂ ಓಡಿಬಂದ. “ಲೋ ಈನಕ್, ಬರ್ದ್ಯೇನೋ? ನೂರು ಕಣೋ! ನಿನ್ ಕೈಯಲ್ಲೇ ಬರೀಬೇಕು ಅಂತಿತ್ತು ನಂಗೆ. ಅವತ್ತು ನೀನು ಬಡಿಸ್ದೆ, ನಾನು ತಿಂದೆ, ಅಷ್ಟೇ ತಾನೆ!”

“ಬರ್ದೆ ಹೋಗೋ. ಆಟ ಇನ್ನೂ ಮುಗ್ದಿಲ್ಲ.”

ವಿಲ್ಫ್ ಮರಳಿ ಓಡಿದ ಮೇಲೆ ಈನಕ್ ಬುಟ್ಟಿಗೆ ಕೈಹಾಕಿದ. ಬುಟ್ಟಿಯಲ್ಲಿ ಉಳಿದಿದ್ದುದು ಒಂದು ಮುದಿ ಹೆಣ್ಣುಹಕ್ಕಿ. ನಿಜವನ್ನು ಬರೆದು ಅದರ ಕಾಲಿಗೆ ಕಟ್ಟಿದ. ಅದು ಮೈದಾನದ ಮೇಲೆ ಎರಡು ಸುತ್ತು ಹಾಕಿ, ಸಾವಕಾಶವಾಗಿ ಹೊರಟಿತು. ತಲುಪುವಷ್ಟರಲ್ಲಿ ಪತ್ರಿಕೆ ಅಚ್ಚಾಗಿಹೋಗಿತ್ತು.

ಮೇ ೨, ಸೋಮವಾರ, ಸಂಪಾದಕ ಪಿಲ್ಲಿಂಗ್ ಎರಡೂ ಚೀಟಿಗಳನ್ನು ಮೇಜಿನ ಮೇಲಿಟ್ಟ. “ಏನಯ್ಯಾ, ನಿನ್ ಹಕ್ಕಿಗಳೇ ಜಗಳ ಆಡ್ತಾವಲ್ಲ! ಯಾವುದು ನಿಜ ಹೇಳು, ಇವತ್ತೇ ತಿದ್ದಿಬಿಡೋಣ.”

ಒಂದು ಮಾತು ಸಾಕಾಗಿತ್ತು. ಅಷ್ಟರಲ್ಲಿ ಕಿಟಕಿಯಾಚೆ, ಪತ್ರಿಕೆಯ ಮಾತು ನಂಬದ ಮಿಲ್ಲಿನ ಜನ ವಿಲ್ಫ್‌ನನ್ನು ಹೆಗಲ ಮೇಲೆ ಹೊತ್ತು, “ನೂರು! ನೂರು!” ಎಂದು ಕೂಗುತ್ತ ಹಾದುಹೋದರು.

“ಮೊದಲ್ನೇದು, ಸಾರ್,” ಎಂದ ಈನಕ್.

ಅದೇ ಬೇಸಿಗೆಯಲ್ಲಿ ಬೆನ್ನು ಕೈಕೊಟ್ಟು, ವಿಲ್ಫ್ ಮತ್ತೆ ಆಡಲಿಲ್ಲ. ದಾಖಲೆ ತೊಂಬತ್ತೊಂಬತ್ತಕ್ಕೇ ನಿಂತಿತು. “ಆ ಬ್ಯಾಕ್ ಪುಣ್ಯಾತ್ಮ ನನ್ ಹಣೇನೇ ಕದ್ದ ನೋಡೋ,” ಎಂದು ನಗುತ್ತ ಅವನು ಈನಕ್‌ಗೆ ಬಿಯರು ಕೊಡಿಸುತ್ತಿದ್ದ. ಈನಕ್ ಕುಡಿಯುತ್ತಿದ್ದ.

ಸೆಪ್ಟೆಂಬರ್ ೩ರಂದು ಹೊಸ ಋತು ಆರಂಭವಾದಾಗ, ಗೂಡಿಗೆ ಎರಡನೆಯ ಗಂಡುಹಕ್ಕಿಯನ್ನು ಬಿಡಲು ಅವನ ಕೈ ಏಳಲಿಲ್ಲ. ಹಕ್ಕಿಗಳು ತಡವಾಗಿ ಬರತೊಡಗಿದವು. ನವೆಂಬರ್ ೧೯ರಂದು ಪಿಲ್ಲಿಂಗ್ ಅವನನ್ನು ಕೆಲಸದಿಂದ ಬಿಡಿಸಿದ.