ಅಕ್ಕ ವಾಕಿಂಗ್ ಹೋಗಕ್ಕೆ ಹಾಲಿನ ಕ್ಯಾನು ಬೇಕಾಗಿತ್ತು

ಮೊನ್ನೆ ಚನ್ನರಾಯಪಟ್ಟಣದಲ್ಲಿ ಒಂದು ಬಾಣಂತಿ ಮನೆಗೆ ಹೋಗಿದ್ದೆ. ಒಳಗೆ ಕಾಲಿಟ್ಟ ತಕ್ಷಣ ಬಾಣಂತಿ ಉಂಡೆಗೆ ತುಪ್ಪದಲ್ಲಿ ಅಂಟು ಹುರಿಯೋ ವಾಸನೆ... ಅಷ್ಟೇ, ನಮ್ಮನೆ ಹಿಂದ್ಗಡೆ ಮನೆ ಅಕ್ಕ ಕಣ್ಮುಂದೆ ಬಂದ್ಬುಟ್ಲು.

ನಮ್ಮೂರು ದುದ್ದದ ಹತ್ರ. ಅಕ್ಕನಿಗೆ ಬಸುರಿಲಿ ಶುಗರ್ ಬಂದಿತ್ತು. ಹೆರಿಗೆ ಆಗಿ ಒಂದೂವರೆ ತಿಂಗಳಿಗೆ ಮತ್ತೆ ಟೆಸ್ಟ್ ಮಾಡಿಸ್ಬೇಕು ಅಂತ ಹಾಸನದ ಡಾಕ್ಟ್ರಮ್ಮ ಬರೆದೇ ಕೊಟ್ಟಿದ್ರಂತೆ. ಅವಳತ್ತೆ ಆ ಚೀಟಿ ಗೂಡಲ್ಲಿ ತುರುಕಿ, "ಮಗೀನ ಜೊತೇಲಿ ಬಂದಿದ್ದು ಮಗೀನ ಜೊತೇಲೇ ಓಯ್ತು, ಉಂಡೆ ತಿನ್ನು" ಅಂದ್ರಂತೆ. ಏನ್ ಜ್ಞಾನ ಸ್ವಾಮಿ! ಮೂರು ವರ್ಷಕ್ಕೆ ಶುಗರ್ ವಾಪಸ್ ಬಂತು, ಹೋಗ್ಲೇ ಇಲ್ಲ.

ನಾನೇನು ಡಾಕ್ಟ್ರಲ್ಲ, ಮೊಬೈಲ್ ನೋಡಿ ಕಲಿತೋಳು. ಆದ್ರೆ ಇಷ್ಟು ಗೊತ್ತು: ಬಸುರಿಲಿ ಶುಗರ್ ಬಂದೋರಿಗೆ ಆಮೇಲೂ ಬರೋದು ಜಾಸ್ತಿ, ಆಗಾಗ ನೋಡಿಸ್ತಾನೇ ಇರ್ಬೇಕು. ಬಂದ್ಮೇಲೆ ಮಾತ್ರೆ ಜೊತೆ ದಿನಾ ನಡೀಬೇಕು, ಮುದ್ದೆ ಸಣ್ಣದು ಮಾಡಿ ಸೊಪ್ಪು ಕಾಳು ಜಾಸ್ತಿ ತಿನ್ಬೇಕು. ಡಾಕ್ಟ್ರಮ್ಮನೂ ಅಕ್ಕನಿಗೆ ಅದನ್ನೇ ಹೇಳಿದ್ರು.

ಮುದ್ದೆ ಸಣ್ಣದಾಯ್ತು. ನಡಿಯೋದು ಹೆಂಗೆ? ನಮ್ಮೂರಲ್ಲಿ ಹೆಂಗಸು ಬರಿಗೈಲಿ ರಸ್ತೆಗಿಳಿದ್ರೆ ಎದುರು ಸಿಕ್ಕೋರೆಲ್ಲ "ಎಲ್ಗೆ?" ಅಂತಾರೆ. ಏನಾದ್ರೂ ಕೆಲ್ಸ ಇರ್ಲೇಬೇಕು. ಅದಕ್ಕೆ ಅಕ್ಕ ಹಾಲಿನ ಕ್ಯಾನು ಹಿಡ್ಕೊಂಡು ಹೊರಡ್ತಿದ್ಲು. ಡೈರಿ ಇರೋದು ಪಕ್ಕದೂರಲ್ಲಿ. "ಡೈರಿಗೆ ಕಣಣ್ಣ" ಅಂದ್ರೆ ಮುಗೀತು. ಅವಳ ಹಸು ಹಾಲು ಬತ್ತಿ ಎರಡು ತಿಂಗಳಾಗಿತ್ತು, ಸಾಲಿಗೆ ನಿಲ್ದೆ ಡೈರಿ ಮುಂದಿಂದ್ಲೇ ತಿರುಗಿ ಬರ್ತಿದ್ಲು, ಯಾರಿಗೂ ಹೊಳೀಲಿಲ್ಲ. ಶುಗರ್ ಇಳೀತಿತ್ತು. ನನಗೆ ಗುಟ್ಟಾಗಿ ರಿಪೋರ್ಟ್ ತೋರಿಸಿ ನಕ್ಕಿದ್ಲು... ಹೆಂಗೆ ಇಳೀತು ಅಂತ ಮಾತ್ರ ಬಾಯಿ ಬಿಟ್ಟಿರ್ಲಿಲ್ಲ.

ನಾನಾಗ ಪಿಯುಸಿ. ಒಂದಿನ ನಮ್ಮನೆ ಹಾಲು ಹಾಕಕ್ಕೆ ಹೋದಾಗ ಅಕ್ಕ ಡೈರಿ ಮುಂದೆ ಸುಧಾರಿಸ್ಕೊಳ್ತಾ ನಿಂತಿದ್ಲು. ಸಹಾಯ ಮಾಡಣ ಅಂತ ಅವಳ ಕ್ಯಾನು ಎತ್ತಿದೆ. ಹತ್ತಿ ಥರ ಮೇಲೆ ಬಂತು.

"ಅಕ್ಕಾ, ಇದ್ರಲ್ಲಿ ಹಾಲೇ ಇಲ್ವಲ್ಲಾ!" ಅಂತ ಕೂಗ್ದೆ. ಕತ್ತೆ ನಾನು.

ಸಾಲಲ್ಲಿ ನಿಂತಿದ್ದ ಗಂಡಸ್ರಿಗೆ ಹಬ್ಬ. "ಗಾಳಿ ತಂದವ್ಳೆ ಕಣ್ಲಾ, ಫ್ಯಾಟ್ ಎಷ್ಟ್ ಬತ್ತದೆ ನೋಡ್ಲಾ!" ಅಂದ ಒಬ್ಬ. "ಮನೇಲಿ ಕೆಲ್ಸಿಲ್ವೇನವ್ವಾ?" ಅಂದ ಇನ್ನೊಬ್ಬ. ಪರಮ ಸೋಮಾರಿಗಳು, ಹಸು ಕರೆದಿದ್ದು ಇವ್ರ ಹೆಂಡ್ರು! ಅಕ್ಕ ಕ್ಯಾನು ಇಸ್ಕೊಂಡು, "ಸುಮ್ನಿರಬಾರ್ದಿತ್ತಾ ಮಗಾ" ಅಂದ್ಲು. ಬೈಯ್ಯಲೂ ಇಲ್ಲ...

ಸಂಜೆಗೆ ಊರೆಲ್ಲ ಸುದ್ದಿ. "ನನ್ನ ಮಾನ ಕಳ್ದೆ" ಅಂತ ಅವಳ ಗಂಡ ಕೂಗಾಡಿದ. ಆ ಮಾನಕ್ಕಷ್ಟು ಬೆಂಕಿ ಹಾಕ. ಮಾರನೇ ದಿನದಿಂದ ಅಕ್ಕ ಹೊರಡ್ಲಿಲ್ಲ. ಹಿತ್ತಲಲ್ಲೇ ಸುತ್ತಕ್ಕೆ ನೋಡಿದ್ಲು. "ಮೊಟ್ಟೆ ಇಕ್ಕೋ ಕೋಳಿ ಥರ ಏನೇ ತಿರುಗ್ತೀಯ?" ಅಂದ್ರು ಅತ್ತೆ. ಆಮೇಲೆ ಕೂತ್ಬುಟ್ಲು. ಮಾತ್ರೆನೂ ಒಂದಿನ ನುಂಗಿದ್ರೆ ಒಂದಿನ ಇಲ್ಲ. ವರ್ಷಗಳಾದ್ಮೇಲೆ ಕಾಲಲ್ಲಿ ಹುಣ್ಣಾಯ್ತು, ಬೆರಳು ತೆಗೆದ್ರು, ನಂಜು ಏರ್ತು... ಹೋದ್ವರ್ಷ ತೀರ್ಕೊಂಡ್ಲು. ತಿಥಿಲಿ ಇದೇ ಜನ "ಅಣೇಬರ, ಏನ್ ಮಾಡಕ್ಕಾಯ್ತದೆ" ಅಂತ ಎರಡೆರಡು ಸಲ ಪಾಯ್ಸ ಹಾಕಿಸ್ಕೊಂಡ್ರು.

ಈಗ ಊರಿನ ಗಂಡಸ್ರಿಗೂ ಶುಗರ್. ಬೆಳಿಗ್ಗೆ ಬಿಳಿ ಶೂ ಹಾಕ್ಕೊಂಡು ಅದೇ ರಸ್ತೇಲಿ ಕೈ ಬೀಸ್ಕೊಂಡು ಹೋಗ್ತಾರೆ. ಇವತ್ತು ಒಬ್ರನ್ನ ಬೇಕಂತಲೇ ಕೇಳ್ದೆ, "ಎಲ್ಗೆ ದೊಡ್ಡಪ್ಪ?"

"ವಾಕಿಂಗ್ ಕಣವ್ವ. ಶುಗರ್ ಅಲ್ವಾ" ಅಂದ್ರು, ಎದೆ ಉಬ್ಬಿಸ್ಕೊಂಡು.

ಅಕ್ಕನಿಗೂ ಇಷ್ಟು ಹೇಳಕ್ಕೆ ಬಿಟ್ಟಿದ್ರೆ ಸಾಕಾಗಿತ್ತು... ಬಿಡ್ಲಿಲ್ಲ ನಾವು.