ಬಿತ್ತಿದ ದಿನಾಂಕ

ಸುಳ್ಳು ದಾಖಲೆ ಕೊಟ್ಟಳೆಂದು ಆಕೆಯನ್ನು ಫೇಲು ಮಾಡಿದರು. ನಾನು ಪಾಸಾದೆ. ಸುಳ್ಳು ದಾಖಲೆ ನಾನೂ ಕೊಟ್ಟಿದ್ದೆ. ಇದು ಹೇಗಾಯಿತೆಂದು ನಡೆದ ಕ್ರಮದಲ್ಲೇ ಬರೆದಿಡುತ್ತೇನೆ. ಸಿಟ್ಟು ಇನ್ನೂ ಇದೆ. ಆದರೆ ಸಿಟ್ಟಿಗಾಗಿ ಯಾವುದನ್ನೂ ಹಿಂದುಮುಂದು ಮಾಡುವುದಿಲ್ಲ.

ಜಹೀರಾಬಾದಿನಲ್ಲಿ ನಾನು ಎಂಟು ವರ್ಷ ಪತ್ರಿಕೆಯ ವರದಿಗಾರ್ತಿಯಾಗಿದ್ದೆ. ಪತ್ರಿಕೆ ಅಲ್ಲಿನ ಆವೃತ್ತಿ ಮುಚ್ಚಿದ ಮೇಲೆ, ಶಾಲೆಗಳಲ್ಲಿ ಕೃಷಿ ಮತ್ತು ಪರಿಸರ ಕಲಿಸುವವರಿಗೆಂದು ವಿಶ್ವವಿದ್ಯಾಲಯ ನಡೆಸುತ್ತಿದ್ದ ತರಬೇತಿಗೆ ಸೇರಿದೆ. ತರಗತಿಯಲ್ಲಿ ನಾವು ಏಳು ಮಂದಿ. ಅವರಲ್ಲಿ ಫೇಲಾದ ಆಕೆ ನಾರಾಯಣಖೇಡದಾಚೆ, ನಾಗಲಗಿದ್ದ ಕಡೆಯ ಹಳ್ಳಿಯವಳು. ಹಣೆಗೆ ವಿಭೂತಿ ಹಚ್ಚಿಕೊಂಡು ಬರುತ್ತಿದ್ದಳು. ಉಳಿದ ಆರು ಜನ ಕೃಷಿಯನ್ನು ಪುಸ್ತಕದಿಂದ ಕಲಿಯುತ್ತಿದ್ದೆವು. ಆಕೆ ಪುಸ್ತಕ ಓದುತ್ತಾ ನಡುನಡುವೆ ನಗುತ್ತಿದ್ದಳು.

ಆ ವರ್ಷ ಸರ್ಕಾರಿ ವಸತಿ ಶಾಲೆಗಳಿಗೆ ನಮ್ಮ ವಿಷಯದ ಶಿಕ್ಷಕರ ನೇಮಕಾತಿ ಬರುವುದಿತ್ತು. ಹಿಂದಿನ ಸಲ ಬಂದಾಗ ಆಕೆ ಇನ್ನೂ ಹೈಸ್ಕೂಲಿನಲ್ಲಿದ್ದಳಂತೆ. ಮುಂದಿನದು ಯಾವಾಗ ಎಂದು ಯಾರಿಗೂ ಗೊತ್ತಿರಲಿಲ್ಲ. ಆ ಸೆಮಿಸ್ಟರ್ ಪಾಸಾದವರು ಅರ್ಜಿ ಹಾಕಬಹುದು, ಆಗದವರು ಹಾಕುವಂತಿಲ್ಲ. ಉಳಿದಿದ್ದದ್ದು ಒಂದೇ ಪರೀಕ್ಷೆ: ಆರು ವಾರ ಒಂದು ಶಾಲೆಯಲ್ಲಿ ಪಾಠ ಮಾಡಿ, ಮಕ್ಕಳ ಕೈಯಿಂದ ಸಣ್ಣ ತಾಕಿನಲ್ಲಿ ಬೆಳೆ ಮಾಡಿಸಿ ತೋರಿಸುವುದು.

ಆಕೆಗೆ ಝರಾಸಂಗಂ ಹತ್ತಿರದ ಒಂದು ಶಾಲೆ ಸಿಕ್ಕಿತು, ನನಗೆ ಜಹೀರಾಬಾದಿನದೇ ಒಂದು. ಇಬ್ಬರೂ ಊರಲ್ಲಿ ಒಂದೇ ಕೋಣೆ ಹಿಡಿದೆವು. ಬೆಳಿಗ್ಗೆ ಆಕೆ ಝರಾಸಂಗಂ ಬಸ್ಸು ಹತ್ತುತ್ತಿದ್ದಳು, ನಾನು ನಡೆದು ಹೋಗುತ್ತಿದ್ದೆ. ತನ್ನ ಯೋಜನೆಯಲ್ಲಿ ಆಕೆ ಹಿಂಗಾರಿ ಜೋಳ ಎಂದು ಬರೆದಿದ್ದಳು. ಆ ಶಾಲೆಯ ಮಕ್ಕಳ ಮನೆಗಳಲ್ಲಿ ಬಿತ್ತುವುದು ಅದನ್ನೇ. ನಮ್ಮ ಮೇಲ್ವಿಚಾರಕರಾಗಿದ್ದ ಪ್ರಾಧ್ಯಾಪಕರು ಓದಿ ಸಹಿ ಹಾಕಿದ್ದರು. ಅವರು ತಾಂಡೂರು ಕಡೆಯವರು, ಮನೆಯಲ್ಲಿ ಹೊಲವಿದ್ದವರು.

ತೊಂದರೆ ಇದ್ದದ್ದು ವೇಳಾಪಟ್ಟಿಯಲ್ಲಿ. ವಿಶ್ವವಿದ್ಯಾಲಯ ಆ ಆರು ವಾರಗಳನ್ನು ಮಳೆಗಾಲದ ನಟ್ಟನಡುವೆ ಇಟ್ಟಿತ್ತು. ಎರಡನೇ ವಾರ ಬಿತ್ತನೆ, ನಾಲ್ಕನೇ ವಾರ ಸಸಿಯ ಎತ್ತರ, ಐದನೇ ವಾರ ತಪಾಸಣೆ. ನಮೂನೆಯಲ್ಲಿ ಪ್ರತಿಯೊಂದಕ್ಕೂ ಒಂದೊಂದು ಚೌಕ. ಆದರೆ ಹಿಂಗಾರಿ ಜೋಳವನ್ನು ಮಳೆ ಹಿಂದೆ ಸರಿದ ಮೇಲೆಯೇ ಬಿತ್ತುತ್ತಾರೆ. ಕರಿ ಭೂಮಿ ಹಸಿ ಇದ್ದಾಗ ಆ ಕಡೆ ಯಾರೂ ಹೊಲದಲ್ಲಿ ಕಾಲಿಡುವುದಿಲ್ಲ, ದನಗಳನ್ನೂ ಬಿಡುವುದಿಲ್ಲ. ತುಳಿದರೆ ಮಣ್ಣು ಗಚ್ಚಿನಂತೆ ಬಿಗಿದು ಆ ವರ್ಷಕ್ಕೆ ಕೆಟ್ಟಿತು.

ಆಕೆ ಮೊದಲ ದಿನವೇ ತಾಕಿನ ಸುತ್ತ ಹಗ್ಗ ಕಟ್ಟಿಸಿದಳು. ಒಳಗೆ ಯಾರೂ ಕಾಲಿಡಬಾರದು. ದಿನಕ್ಕೊಂದು ಮಗು ಅಂಚಿನಲ್ಲಿ ಕೂತು, ಗೇಣುದ್ದ ಆಳದಿಂದ ಒಂದು ಹಿಡಿ ಮಣ್ಣು ತೆಗೆದು, ಉಂಡೆ ಕಟ್ಟಿ, ಸೊಂಟದ ಎತ್ತರದಿಂದ ಬಿಡಬೇಕು. ಉಂಡೆ ಒಡೆದು ಉದುರಿದರೆ ಹದ ಬಂದಿದೆ, ಬಿತ್ತಬಹುದು. ಚಪ್ಪಟೆಯಾಗಿ ಅಂಟಿಕೊಂಡರೆ ಇಲ್ಲ. ಮಕ್ಕಳು ದಿನಾಂಕ ಹಾಕಿ ತಮ್ಮ ನೋಟ್‌ಬುಕ್ಕುಗಳಲ್ಲಿ ತೆಲುಗಿನಲ್ಲಿ ಬರೆಯುತ್ತಿದ್ದರು: ಇಂದು ಹದ ಬಂದಿಲ್ಲ. ಮರುದಿನ ಮತ್ತೆ ಅದೇ. ಒಬ್ಬ ಹುಡುಗಿ ಪಕ್ಕದಲ್ಲಿ ಉಂಡೆಯ ಚಿತ್ರವನ್ನೂ ಬರೆಯುತ್ತಿದ್ದಳು, ಒಂದು ದಿನ ದೋಸೆಯಂತೆ, ಒಂದು ದಿನ ಅಂಚು ಬಿರಿದಂತೆ. ಎರಡು ವರ್ಷದ ತರಬೇತಿಯಲ್ಲಿ ನಾನು ಕಂಡ ಒಳ್ಳೆಯ ಕೃಷಿ ಪಾಠ ಅದೊಂದೇ.

ನನ್ನ ಶಾಲೆಯ ಕಥೆ ಚಿಕ್ಕದು. ನಾನು ಬಿತ್ತಿದ ಮೆಂತ್ಯ ಮಳೆಗೆ ಕೊಳೆಯಿತು. ತಪಾಸಣೆಯ ಹಿಂದಿನ ಸಂಜೆ ನರ್ಸರಿಯಿಂದ ಟೊಮ್ಯಾಟೊ ಸಸಿ ತಂದು ನೆಟ್ಟೆ. ನೋಟ್‌ಬುಕ್ಕಿನಲ್ಲಿ ಏನು ಬರೆಯಬೇಕೆಂದು ಮಕ್ಕಳಿಗೆ ದಿನಾಂಕ ಸಮೇತ ಹೇಳಿ ಬರೆಸಿದೆ. ಹನ್ನೊಂದು ಮಕ್ಕಳು ತಲೆ ಬಗ್ಗಿಸಿ ಬರೆದರು. ಉಳಿದ ಐವರು ಮಾಡಿದ್ದೂ ಹೆಚ್ಚುಕಡಿಮೆ ಅದನ್ನೇ. ಒಬ್ಬರಿಂದ ಒಬ್ಬರು ಸಸಿಯ ಟ್ರೇಗಳನ್ನು ಕಡ ತಂದದ್ದೂ ಉಂಟು.

ಒಬ್ಬರ ತಪಾಸಣೆಗೆ ಇನ್ನೊಬ್ಬರು ಹಾಜರಿರಬೇಕೆಂಬ ನಿಯಮವಿತ್ತು. ಹಾಗಾಗಿ ಆಕೆಯ ತಪಾಸಣೆಯ ದಿನ ನಾನು ಅಲ್ಲಿದ್ದೆ. ಪ್ರಾಧ್ಯಾಪಕರು ಹಗ್ಗದ ಹತ್ತಿರ ನಿಂತು ಬೆಳೆ ಎಲ್ಲಿ ಎಂದು ಕೇಳಿದರು.

“ಬಿತ್ತಿಲ್ರಿ ಸರ್. ಹದ ಬಂದಿಲ್ಲ.”

ಅವರು ಪ್ಯಾಂಟು ಮೇಲೆ ಮಾಡಿಕೊಂಡು ಅಂಚಿನಲ್ಲಿ ಕೂತರು, ಒಂದು ಹಿಡಿ ಮಣ್ಣು ತೆಗೆದರು, ಉಂಡೆ ಕಟ್ಟಿ ಕೈ ಬಿಟ್ಟರು. ಅದು ನೆಲಕ್ಕೆ ಅಂಟಿತು. ಮಕ್ಕಳು ಅವರ ಕೈ ನೋಡಿ ಒಬ್ಬರಿಗೊಬ್ಬರು ತಿವಿದುಕೊಂಡರು, ಈ ಸರ್‌ಗೆ ಬರ್ತದ ಅಂತ.

“ನಮ್ಮ ಹೊಲದಾಗೂ ಇನ್ನಾ ಬಿತ್ತಿಲ್ಲಮ್ಮಾ,” ಅಂದರು ಅವರು. “ಆದ್ರ ಅದನ್ನ ಈ ಫಾರಂನಾಗ ಎಲ್ಲಿ ಬರೀಲಿ ಹೇಳು.”

ನನ್ನ ಸಿಟ್ಟು ಇಲ್ಲಿಂದ ಶುರುವಾಗುತ್ತದೆ. ಗೊತ್ತಿಲ್ಲದವನು ತಪ್ಪು ಮಾಡಿದರೆ ತಿದ್ದಬಹುದು. ಇವರಿಗೆ ಗೊತ್ತಿತ್ತು. ಸ್ವಂತ ಹೊಲಕ್ಕೆ ಒಂದು ನ್ಯಾಯ, ಪಾಠಕ್ಕೆ ಇನ್ನೊಂದು. ಯೋಜನೆಗೆ ಸಹಿ ಹಾಕುವಾಗ ತಿಂಗಳು ಯಾವುದೆಂದು ಲೆಕ್ಕ ಹಾಕಿದ್ದರೆ ಸಾಕಿತ್ತು. ಆ ವೇಳಾಪಟ್ಟಿ ಮಾಡಿದ ಸಭೆಯಲ್ಲಿ ಅವರೂ ಕೂತಿದ್ದರು.

ಅವರು ನಾಲ್ಕು ದಿನ ಕೊಟ್ಟರು. ಮೆಣಸಿನಕಾಯಿ ಸಸಿ ತಂದು ಫೋಟೊ ತೆಗೆಸಬೇಕು, ದಾಖಲೆಯಲ್ಲಿ ಬೆಳೆಯ ಹೆಸರು ಬದಲಿಸಬೇಕು, ಮಕ್ಕಳ ನೋಟ್‌ಬುಕ್ಕುಗಳೂ ಅದಕ್ಕೆ ಹೊಂದಬೇಕು. ಇದನ್ನೆಲ್ಲ ಸಹಾಯ ಮಾಡುವವರ ದನಿಯಲ್ಲೇ ಹೇಳಿದರು.

ಕೋಣೆಗೆ ಬಂದ ಮೇಲೆ ನಾನೂ ಅದನ್ನೇ ಹೇಳಿದೆ. ಒಂದು ಟ್ರೇ ಸಸಿಯ ಮಾತು, ಅದಕ್ಕಾಗಿ ನೌಕರಿಯ ದಾರಿ ಮುಚ್ಚಿಕೊಳ್ಳಬೇಡ ಅಂದೆ. ಆಕೆ ರೊಟ್ಟಿ ಬಡಿಯುತ್ತಿದ್ದಳು, ಕೈ ನಿಲ್ಲಿಸಲಿಲ್ಲ.

“ನೀವು ಪೇಪರ್‌ನವ್ರು. ನಡೀಲಾರದ ಸಭಾನ ನಡೀತು ಅಂತ ಬರೀತಿದ್ರೇನ್ರಿ ಅಕ್ಕಾ?”

ಬರೆಯುತ್ತಿರಲಿಲ್ಲ. ಎಂಟು ವರ್ಷದಲ್ಲಿ ಒಂದು ಸಲವೂ ಇಲ್ಲ. ಆದರೆ ನನ್ನ ಟೊಮ್ಯಾಟೊ ಫೋಟೊ ಆಗಲೇ ವಿಶ್ವವಿದ್ಯಾಲಯ ತಲುಪಿತ್ತು.

ಕೊನೆಗೆ ಆಕೆ ಸಸಿ ತಂದಳು. ತಾಕಿನೊಳಗೆ ಆಗಲೂ ಕಾಲಿಡಲಿಲ್ಲ. ಹಗ್ಗದ ಹೊರಗಿನಿಂದಲೇ ಕೈ ಚಾಚಿ ಅಂಚಿನಲ್ಲಿ ಒಂದು ಸಾಲು ಊರಿ ಫೋಟೊ ತೆಗೆಸಿದಳು. ತನ್ನ ದಾಖಲೆಯಲ್ಲಿ ಬಿತ್ತಿದ ದಿನಾಂಕದ ಚೌಕ ತುಂಬಿದಳು. ಆಮೇಲೆ ಮಕ್ಕಳಿಗೆ ನೋಟ್‌ಬುಕ್ಕು ಹಂಚಿ, ಹಿಂದಿನ ಪುಟಗಳನ್ನು ಬಿಟ್ಟು ಹೊಸದಾಗಿ ಬರೆಯೋಣ ಅಂದಳಂತೆ. ಉಂಡೆಯ ಚಿತ್ರ ಬರೆಯುತ್ತಿದ್ದ ಹುಡುಗಿ, ಹಾಗಾದರೆ ಆ ದಿನಗಳ ಮಣ್ಣು ನಾವು ನೋಡಿದ್ದು ತಪ್ಪಾ ಎಂದು ಕೇಳಿದಳು. ತಮಾಷೆಗಲ್ಲ, ನಿಜಕ್ಕೂ ತಿಳಿಯಲಿಕ್ಕೆಂದು. ಆಕೆ ಎಲ್ಲ ನೋಟ್‌ಬುಕ್ಕುಗಳನ್ನೂ ವಾಪಸು ತೆಗೆದುಕೊಂಡಳು. ನೀವು ಬರೆದದ್ದು ಸರಿ ಇದೆ, ಹಾಗೇ ಇರಲಿ ಎಂದಳು. ಹಾಗೆಯೇ ಕಟ್ಟು ಕಟ್ಟಿ ದಾಖಲೆಯ ಜೊತೆ ಕಳಿಸಿದಳು.

ಎರಡೂ ಒಂದೇ ಮೇಜಿನ ಮೇಲೆ ಬಂದಾಗ ಯಾರಿಗಾದರೂ ಕಾಣುವಂಥದ್ದೇ. ಶಿಕ್ಷಕಿಯ ಪ್ರಕಾರ ಬಿತ್ತನೆಯಾಗಿ ಮೂರು ವಾರ, ಮಕ್ಕಳ ಪ್ರಕಾರ ಬಿತ್ತಿಯೇ ಇಲ್ಲ. ವಿಚಾರಣೆಗೆ ಕರೆದರು. ತಪಾಸಣೆಯ ಸಾಕ್ಷಿಯೆಂದು ನನ್ನನ್ನೂ ಕರೆದರು. ಮೂವರು ಕೂತಿದ್ದರು. ನಮ್ಮ ಪ್ರಾಧ್ಯಾಪಕರು ಅಂಚಿನ ಕುರ್ಚಿಯಲ್ಲಿದ್ದರು, ಅವರ ಕಣ್ಣು ಕಾಗದದ ಮೇಲೆಯೇ ಇತ್ತು. ಎರಡರಲ್ಲಿ ಯಾವುದು ನಿಜ ಎಂದು ಅಧ್ಯಕ್ಷರು ಕೇಳಿದರು. ನೋಟ್‌ಬುಕ್ಕು ನಿಜವಾದರೆ ಕೆಲಸವೇ ಆಗಿಲ್ಲ, ದಾಖಲೆ ಸುಳ್ಳು. ದಾಖಲೆ ನಿಜವಾದರೆ ಮಕ್ಕಳು ತಪ್ಪು ಬರೆದಿದ್ದಾರೆ, ಒಂದಿಷ್ಟು ಅಂಕ ಕಡಿತವಾಗುತ್ತದೆ ಅಷ್ಟೆ ಎಂದೂ ಅವರೇ ಸೇರಿಸಿದರು. ಬಾಗಿಲನ್ನು ತೆರೆದೇ ಇಟ್ಟಿದ್ದರು. ತಪ್ಪು ಮಕ್ಕಳದು ಎಂದಿದ್ದರೆ ಆಕೆ ಪಾಸು.

“ಸುಳ್ಳು ನಂದು ರೀ. ಮಕ್ಕಳದು ಖರೇ ಅದ. ಹಂಗೇ ಬರ್ಕೋರಿ.”

ಬರೆದುಕೊಂಡರು. ಮಣ್ಣಿನ ಉಂಡೆಯನ್ನು ಪ್ರಾಧ್ಯಾಪಕರೇ ಕಟ್ಟಿ ನೋಡಿದ್ದು, ಸಸಿ ತರಲು ಹೇಳಿದ್ದು, ನಾನು ಟೊಮ್ಯಾಟೊ ನೆಟ್ಟದ್ದು, ಎಲ್ಲವನ್ನೂ ನಾನು ಹೇಳಿದೆ. ನನ್ನ ದಾಖಲೆಯ ಬಗ್ಗೆ ದೂರು ಬಂದಿಲ್ಲ, ನೋಟ್‌ಬುಕ್ಕುಗಳು ಹೊಂದುತ್ತವೆ, ಆದ್ದರಿಂದ ಅದು ಇಂದಿನ ವಿಷಯವಲ್ಲ ಎಂದು ಅಧ್ಯಕ್ಷರು ಅಂದರು. ಲಿಖಿತವಾಗಿ ಕೊಟ್ಟೆ. ಸ್ವೀಕೃತಿಯ ಮುದ್ರೆ ಬಿತ್ತು, ಉತ್ತರ ಬರಲಿಲ್ಲ. ಹನ್ನೊಂದು ಮಕ್ಕಳಿಗೆ ಸುಳ್ಳು ಬರೆಯಲು ಕಲಿಸಿದವಳು ಶಿಕ್ಷಕಿಯಾಗಲು ಯೋಗ್ಯಳು, ಕಲಿಸದವಳು ಅಲ್ಲ. ವಿಶ್ವವಿದ್ಯಾಲಯದ ನಿರ್ಣಯದ ಅರ್ಥ ಇದೇ. ಬೇರೆ ಅರ್ಥವಿದ್ದರೆ ಇಷ್ಟು ದಿನದಲ್ಲಿ ಯಾರಾದರೂ ನನಗೆ ಹೇಳಬಹುದಿತ್ತು.

ನೇಮಕಾತಿಗೆ ಅರ್ಜಿ ಹಾಕುವ ಕೊನೆಯ ವಾರ ಆಕೆ ಕೋಣೆ ಖಾಲಿ ಮಾಡಲು ಬಂದಳು. ನಾನು ಅರ್ಜಿ ಹಾಕುವುದಿಲ್ಲ ಅಂದೆ. ಹಾಕದೆ ಯಾರನ್ನು ಉದ್ಧಾರ ಮಾಡ್ತೀರಿ ಎಂದು ಬೈದು, ಸರ್ಕಾರಿ ಅರ್ಜಿಗಳನ್ನು ಆನ್‌ಲೈನಿನಲ್ಲಿ ತುಂಬಿಸುವ ಜಹೀರಾಬಾದಿನ ಮೀಸೇವಾ ಕೇಂದ್ರಕ್ಕೆ ತಾನೇ ಕರೆದುಕೊಂಡು ಹೋದಳು. ಪಕ್ಕದ ಸ್ಟೂಲಿನ ಮೇಲೆ ಕೂತು ನನ್ನ ಪ್ರಮಾಣಪತ್ರಗಳನ್ನು ಒಂದೊಂದಾಗಿ ಎತ್ತಿ ಕೊಟ್ಟಳು. ನಾರಾಯಣಖೇಡದ ಬಸ್ಸಿಗೆ ಇನ್ನೂ ಹೊತ್ತಿದೆಯೇ ಎಂದು ನಡುವೆ ಎರಡು ಸಲ ಕೇಳಿದಳು. ಕೊನೆಯ ಪುಟದಲ್ಲಿ, ಮೇಲಿನ ಎಲ್ಲ ವಿವರಗಳೂ ಸತ್ಯ ಎಂಬ ಘೋಷಣೆ, ಅದರ ಪಕ್ಕ ಒಂದು ಖಾಲಿ ಚೌಕ. ಕಂಪ್ಯೂಟರಿನ ಹುಡುಗಿ ಮೌಸನ್ನು ನನ್ನ ಕಡೆ ಸರಿಸಿದಳು. ನಾನು ಕೈ ಹಾಕಲಿಲ್ಲ.

“ಒತ್ರಿ ಅಕ್ಕಾ,” ಅಂದಳು ಆಕೆ. “ನಾಳಿ ಸರ್ವರ್ ಇರಾಂಗಿಲ್ಲ.”

ಹಿಂದೆ ಸಾಲಿನಲ್ಲಿ ಜನ ಕಾಯುತ್ತಿದ್ದರು. ಒತ್ತಿದೆ.